ದೊಡ್ಡಮ್ಮನ ಉಯಿಲು ಸಿಕ್ಕಿದೆ, ಅದರ ಅರ್ಧ ಶಬ್ದ ತಲೆಗೆ ಹೋಗುತ್ತಿಲ್ಲ

ಕದ್ರಿ ಗುಡ್ಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಬೇಡಿ.

ಬ್ರಹ್ಮಾವರದಲ್ಲಿದ್ದ ನಮ್ಮ ದೊಡ್ಡಮ್ಮ ಆಟಿ ತಿಂಗಳಲ್ಲಿ ತೀರಿಕೊಂಡರು. 82 ವರ್ಷ. ಶಾಲೆಯ ಟೀಚರ್ ಆಗಿದ್ದವರು. ದೊಡ್ಡಪ್ಪ ಹೋಗಿ ತುಂಬಾ ವರ್ಷ ಆಯಿತು, ಮಕ್ಕಳಿಲ್ಲ. ನಾವು ಅಳಿಯಸಂತಾನ ಕಟ್ಟಿನವರು, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ. ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ಅಮ್ಮನೂ ನಾನೂ ಅವರ ಗೋದ್ರೆಜ್ ಕಪಾಟು ತೆಗೆದೆವು. ಸೀರೆಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಒಳಗೆ ಗೆರೆ ಹಾಕಿದ ನಾಲ್ಕು ಹಾಳೆ, ದೊಡ್ಡಮ್ಮನದೇ ಉರುಟು ಅಕ್ಷರ. ಮೇಲೆ "ಮರಣಶಾಸನ" ಅಂತ ಬರೆದು ಅಡಿಗೆರೆ ಎಳೆದಿದ್ದಾರೆ. ಆರು ವರ್ಷ ಹಿಂದಿನ ತಾರೀಕು.

ಅದರಲ್ಲಿ ಇರುವುದು ಇಷ್ಟು. ಸಂಬಳದಲ್ಲಿ ತೆಗೆದ 60 ಸೆಂಟ್ಸ್ ಜಾಗ ಮತ್ತು ಮನೆ ನನಗೆ. ಹಿಂದಿನ ಕುಮ್ಕಿಯೂ (ಸೊಪ್ಪು, ಸೌದೆ ತರುವ ಜಾಗ) ನನಗೆ. ಕುಟುಂಬದ ಗದ್ದೆಯಲ್ಲಿ "ನನಗೆ ಬರತಕ್ಕ ಹಕ್ಕು" ನನಗೆ. ಮನೆಯ ಪಡು ಬದಿಯ ಕೋಣೆಯಲ್ಲಿ ಮಾವ, ಅಂದರೆ ಅವರ ತಮ್ಮ, "ಜೀವಮಾನ ಪರ್ಯಂತ ವಾಸ ಮಾಡತಕ್ಕದ್ದು". ಮಾವನ ಮೊಮ್ಮಗಳಿಗೆ ಎರಡು ಬಳೆ. ಉಳಿದ ಚಿನ್ನ ಅಮ್ಮನಿಗೆ. ನಾನು "ಎಕ್ಸಿಕ್ಯೂಟರ್". ಇಬ್ಬರ ಸಾಕ್ಷಿ ಸಹಿ ಉಂಟು. ಒಬ್ಬರು ಆಗ ಅವರ ಮನೆಗೆ ಬರುತ್ತಿದ್ದ ಪಿಗ್ಮಿ (ಬ್ಯಾಂಕಿನ ದಿನದ ಉಳಿತಾಯ) ಕಲೆಕ್ಟರ್. ಇನ್ನೊಬ್ಬರು, ಕೇಳಿ, ನನ್ನ ಗಂಡ! ಆರು ವರ್ಷ ಬಾಯಿ ಬಿಟ್ಟಿಲ್ಲ, ಪುಣ್ಯಾತ್ಮ. "ಟೀಚರ್ ಹೇಳಬೇಡ ಅಂದಿದ್ದರು" ಎಂದರು, ಮುಗಿಯಿತು.

ಮಾವ ಹೇಳುವುದು: ರಿಜಿಸ್ಟರ್ ಆಗಿಲ್ಲ, ಹಾಗಾಗಿ ಇದು ಲೆಕ್ಕಕ್ಕಿಲ್ಲ. ಜೊತೆಗೆ ಬ್ಯಾಂಕಿನ ಎಫ್‌ಡಿಗೆ ಅವರ ಮಗ ನಾಮಿನಿ, ಹಾಗಾಗಿ ಆ ದುಡ್ಡು ಅವನದ್ದು. ಅಮ್ಮ ಮತ್ತು ಮಾವ ಈಗ ಮಾತು ಬಿಟ್ಟಿದ್ದಾರೆ. ಜಗಳಕ್ಕಿಂತ ಮೊದಲು ನನಗೆ ಈ ಶಬ್ದಗಳಾದರೂ ಅರ್ಥ ಆಗಬೇಕು. ತಿಳಿದವರು ಹೇಳುತ್ತೀರಾ?

ಪಡುಬಿದ್ರಿ ಬಸ್ಸು
ಮಾವ ಹೇಳಿದ್ದು ಸರಿ. ರಿಜಿಸ್ಟರ್ ಆಗದ ಉಯಿಲು ಕಡ್ಲೆ ಕಟ್ಟುವ ಕಾಗದ. ಮೇಲಾಗಿ ಛಾಪಾ ಕಾಗದದಲ್ಲೂ ಇಲ್ಲ.

ಹಳೇ ದಸ್ತಾವೇಜು
ಬಸ್ಸಿನವರೇ, ಸ್ವಲ್ಪ ಬ್ರೇಕ್ ಹಾಕಿ. ನಾನು ಉಡುಪಿಯಲ್ಲಿ ಮೂವತ್ತು ವರ್ಷ ದಸ್ತಾವೇಜು ಬರೆದವನು. ಉಯಿಲಿಗೆ ಛಾಪಾ ಕಾಗದ ಬೇಡ, ಸ್ಟಾಂಪ್ ಡ್ಯೂಟಿಯೇ ಇಲ್ಲ. ಬಿಳಿ ಹಾಳೆ ಸಾಕು. ನೋಂದಣಿ ಬರೆದವರ ಇಷ್ಟ. 1908ರ ನೋಂದಣಿ ಕಾಯ್ದೆಯಲ್ಲೇ ಹಾಗೆ ಉಂಟು. ಕ್ರಯಪತ್ರ, ದಾನಪತ್ರಕ್ಕೆ ಹೋಲಿಸಬೇಡಿ, ಅವಕ್ಕೆ ನೋಂದಣಿ ಕಡ್ಡಾಯ.

ಶಬ್ದ ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡುವ. ಉಯಿಲು, ವಿಲ್, ವೀಲುನಾಮೆ, ಮರಣಶಾಸನ ಎಲ್ಲ ಒಂದೇ. ಇಂಗ್ಲಿಷಿನ ವಿಲ್ ನಮ್ಮ ನಾಲಿಗೆಗೆ ಬಂದು ಉಯಿಲು ಆಯಿತು, ಅಷ್ಟೆ. ಬರೆದವರು ಬದುಕಿರುವ ತನಕ ಅದಕ್ಕೆ ಜೀವ ಇಲ್ಲ. ಎಷ್ಟು ಸಲ ಬೇಕಾದರೂ ಹರಿದು ಬರೆಯಬಹುದು. ಕೊನೆಯದ್ದೇ ಲೆಕ್ಕ. ಅದಕ್ಕೇ ಎಲ್ಲ ಉಯಿಲಿನಲ್ಲೂ "ಇದೇ ನನ್ನ ಕೊನೆಯ ಮರಣಶಾಸನ" ಅಂತ ಒಂದು ಸಾಲು ಹಾಕುವುದು.

ಇನ್ನು ಸಾಕ್ಷಿ. ಇಬ್ಬರು ಬೇಕೇ ಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಕಲಂ 63. ಸುಮ್ನೆ ಸಹಿ ಹಾಕಿದರೆ ಸಾಕ್ಷಿ ಆಗುವುದಿಲ್ಲ. ಉಯಿಲು ಬರೆದವರು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಬರೆದವರ ಬಾಯಿಂದ ಕೇಳಿರಬೇಕು. ಆಮೇಲೆ ಬರೆದವರ ಎದುರಿನಲ್ಲೇ ತಮ್ಮ ಸಹಿ ಹಾಕಬೇಕು. ಹಳೆಯ ದಸ್ತಾವೇಜಿನಲ್ಲಿ "ಬಿಕ್ಕಲಂ" ಅಂತ ಒಂದು ಹೆಸರು ಕಾಣುತ್ತದೆ. ಅದು ಕಾಗದ ಬರೆದ ಕೈಯವನದ್ದು. ಅವನು ತನ್ನಷ್ಟಕ್ಕೆ ಸಾಕ್ಷಿ ಆಗುವುದಿಲ್ಲ. ನಾನೇ ನೂರಾರು ಕಡೆ ಬಿಕ್ಕಲಂ. ಅದರಲ್ಲಿ ಎಷ್ಟಕ್ಕೆ ಸಾಕ್ಷಿ ಅಂತ ಕೇಳಿದರೆ ಬೆರಳೆಣಿಕೆ.

ಬೆಜೈ ಬಾಯಿ
ಆದರೆ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಹೆಂಡತಿಗೆ ಬರೆದ ಪಾಲು ಹೋಗುತ್ತದಲ್ಲ? ನಮ್ಮ ಮನೆಯಲ್ಲಿ ಹಾಗೇ ಆಯಿತು. ಪಪ್ಪನ ಉಯಿಲಿಗೆ ನನ್ನ ಗಂಡ ಸಾಕ್ಷಿ ಹಾಕಿದ್ದರು. ಉಯಿಲು ನಿಂತಿತು, ನನಗೆ ಬರೆದಿದ್ದ ತೆಂಗಿನ ತೋಟ ಮಾತ್ರ ನಿಲ್ಲಲಿಲ್ಲ. ಅದು ಉಯಿಲೇ ಇಲ್ಲದ ಆಸ್ತಿಯ ಹಾಗೆ ಎಲ್ಲ ಮಕ್ಕಳಿಗೆ ಹಂಚಿ ಹೋಯಿತು. ಕದ್ರಿ ಗುಡ್ಡೆ ಅಕ್ಕ, ನಿಮ್ಮ ಗಂಡ ಸಾಕ್ಷಿ ಅಂತ ಓದಿದ ಕೂಡಲೇ ನನ್ನ ಹೊಟ್ಟೆ ಧಸಕ್ ಎಂದಿತು.

ಕದ್ರಿ ಗುಡ್ಡೆ
ಅಯ್ಯೋ. ಹೌದಾ?

ಕೊಡಿಯಾಲಬೈಲು ಕರಿಕೋಟು
ಗಾಬರಿ ಬೇಡ. ಬೆಜೈ ಬಾಯಿ ಹೇಳಿದ್ದು ಅವರ ಮಟ್ಟಿಗೆ ನೂರಕ್ಕೆ ನೂರು ಸರಿ. ಅದು ಕಲಂ 67, ಕ್ರೈಸ್ತರಿಗೆ ಅನ್ವಯ ಆಗುತ್ತದೆ. ಹಿಂದೂಗಳ ಉಯಿಲಿಗೆ ಆ ಕಾಯ್ದೆಯ ಎಲ್ಲ ಕಲಂ ಬರುವುದಿಲ್ಲ. ಯಾವುದು ಬರುತ್ತದೆ ಅಂತ ಹಿಂದೆ ಒಂದು ಪಟ್ಟಿ ಕೊಟ್ಟಿದ್ದಾರೆ, ಮೂರನೇ ಶೆಡ್ಯೂಲು. 63 ಅದರಲ್ಲಿದೆ, 67 ಇಲ್ಲ. ಹಾಗಾಗಿ ಗಂಡನ ಸಹಿಯಿಂದ ನಿಮ್ಮ ಪಾಲು ಹೋಗುವುದಿಲ್ಲ.

ಹಾಗಂತ ಹಾಯಾಗಿ ಮಲಗುವ ಹಾಗೂ ಇಲ್ಲ. ನೀವೇ ಎಕ್ಸಿಕ್ಯೂಟರ್, ನೀವೇ ಮುಖ್ಯ ಹಕ್ಕುದಾರರು, ಗಂಡ ಸಾಕ್ಷಿ. ಎದುರಿನ ವಕೀಲರು ಬಿಡುತ್ತಾರಾ? ಕೋರ್ಟಿನ ಭಾಷೆಯಲ್ಲಿ ಇದಕ್ಕೆ "ಅನುಮಾನಾಸ್ಪದ ಸನ್ನಿವೇಶ" ಎನ್ನುತ್ತಾರೆ. ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರು ಕಡೆಯಿಂದಲೇ ಹೋದದ್ದು: 1958ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣ. ಉಯಿಲಿನಿಂದ ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ, ಆ ಅನುಮಾನ ತೆಗೆಯುವ ಭಾರ ಅವರ ಮೇಲೆಯೇ. ನಿಮ್ಮ ಪುಣ್ಯ ಏನೆಂದರೆ ಅಕ್ಷರ ಪೂರ್ತಿ ದೊಡ್ಡಮ್ಮನದು, ನೀವು ಅಲ್ಲಿ ಇರಲೇ ಇಲ್ಲ.

ಒಂದು ಪ್ರಶ್ನೆ. ಇಬ್ಬರು ಸಾಕ್ಷಿಗಳೂ ಒಟ್ಟಿಗೆ ಇದ್ದರಾ?

ಕದ್ರಿ ಗುಡ್ಡೆ
ಗಂಡನನ್ನು ಕೇಳಿದೆ. ಇಲ್ಲ. ಪಿಗ್ಮಿಯವರು ಬೆಳಿಗ್ಗೆ ಸಹಿ ಹಾಕಿ ಹೋಗಿದ್ದರಂತೆ. ಇವರು ಸಂಜೆ ತಲುಪಿದಾಗ ದೊಡ್ಡಮ್ಮ ಹಾಳೆ ತೋರಿಸಿ, "ಇದು ನನ್ನ ಸಹಿ, ನೀನು ಇಲ್ಲಿ ಹಾಕು" ಎಂದು ಬೆರಳಿಟ್ಟು ತೋರಿಸಿದರಂತೆ. ಆಮೇಲೆ ಪತ್ರೊಡೆ ಕೊಟ್ಟರಂತೆ. ಪತ್ರೊಡೆ ಮಾತ್ರ ಚೆನ್ನಾಗಿ ನೆನಪಿದೆ ಇವರಿಗೆ.

ಕೊಡಿಯಾಲಬೈಲು ಕರಿಕೋಟು
ಪತ್ರೊಡೆಯೂ ಉಪಯೋಗಕ್ಕೆ ಬರುತ್ತದೆ, ನಗಬೇಡಿ. ಆ ದಿನ ನೆನಪಿದೆ ಅನ್ನುವುದಕ್ಕೆ ಅಂಥದ್ದೇ ಗುರುತು.

ಇಬ್ಬರೂ ಒಂದೇ ಹೊತ್ತಿಗೆ ಇರಬೇಕು ಅಂತ ಕಾನೂನು ಹೇಳುವುದಿಲ್ಲ. ಹಾಗಾಗಿ ಸಹಿ ಊರ್ಜಿತ. ತೊಂದರೆ ಬೇರೆ ಕಡೆ ಇದೆ. ಕೋರ್ಟಿನಲ್ಲಿ ಉಯಿಲು ಸಾಬೀತು ಮಾಡಲು ಕಡಿಮೆ ಅಂದರೆ ಒಬ್ಬ ಸಾಕ್ಷಿಯನ್ನು ಕಟ್ಟೆ ಹತ್ತಿಸಲೇಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು ಕಲಂ 68 ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67 ಆಗಿದೆ. ಆದರೆ ಆ ಒಬ್ಬ ಸಾಕ್ಷಿ ತನ್ನ ಸಹಿಯ ಬಗ್ಗೆ ಮಾತ್ರ ಹೇಳಿದರೆ ಸಾಲದು, ಇನ್ನೊಬ್ಬನ ಸಹಿಯೂ ಸರಿಯಾಗಿಯೇ ಬಿತ್ತು ಅಂತ ಹೇಳಬೇಕು. ನಿಮ್ಮ ಗಂಡ ಪಿಗ್ಮಿಯವರು ಸಹಿ ಹಾಕಿದ್ದನ್ನು ನೋಡಿಲ್ಲ. ಪಿಗ್ಮಿಯವರು ಇವರದ್ದನ್ನು ನೋಡಿಲ್ಲ. ಹಾಗಾಗಿ ನಿಮಗೆ ಇಬ್ಬರೂ ಬೇಕು.

ಪಿಗ್ಮಿಯವರು ಎಲ್ಲಿದ್ದಾರೆ?

ಕದ್ರಿ ಗುಡ್ಡೆ
ಅದೇ ಗೊತ್ತಿಲ್ಲ. ಕೆಲಸ ಬಿಟ್ಟಿದ್ದಾರೆ. ಮನೆ ಬೀಗ ಹಾಕಿದೆ.

ಪಡುಬಿದ್ರಿ ಬಸ್ಸು
ನೋಡಿ, ಇದಕ್ಕೇ ನಾನು ಹೇಳಿದ್ದು ರಿಜಿಸ್ಟರ್ ಮಾಡಬೇಕು ಅಂತ. ರಿಜಿಸ್ಟರ್ ಆಗಿದ್ದರೆ ಈ ಸಾಕ್ಷಿ ಹುಡುಕುವ ರಗಳೆ ಇರಲಿಲ್ಲ.

ಹಳೇ ದಸ್ತಾವೇಜು
ಇರುತ್ತಿತ್ತು. ನೋಂದಣಿ ಆದ ಉಯಿಲಿಗೂ ಸಾಕ್ಷಿ ನುಡಿಯಲೇಬೇಕು. ಜನ ಇದೊಂದನ್ನು ನಂಬುವುದೇ ಇಲ್ಲ. ನೋಂದಣಿಯಿಂದ ಬಲ ಬರುತ್ತದೆ, ಮೂಲ ಕಳೆದರೆ ನಕಲು ಸಿಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ನಾನೂ ಬಂದವರಿಗೆಲ್ಲ ಮಾಡಿಸಿ ಎಂದೇ ಹೇಳುತ್ತಿದ್ದೆ. ಆದರೆ ಮುದ್ರೆ ಬಿದ್ದ ಕೂಡಲೇ ಉಯಿಲು ಸಾಬೀತಾಯಿತು ಅಂತ ಅಲ್ಲ. ಇನ್ನೊಂದು ದಾರಿಯೂ ಉಂಟು, ಅದನ್ನು ಬಳಸಿದವರನ್ನು ನಾನು ಕಂಡದ್ದು ಬಹಳ ಕಮ್ಮಿ: ಉಯಿಲನ್ನು ಲಕೋಟೆಯಲ್ಲಿ ಅಂಟಿಸಿ, ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಠೇವಣಿ ಇಡುವುದು. ಬರೆದವರು ತೀರಿಕೊಂಡ ಮೇಲೆ ತೆಗೆಸಬಹುದು.

ಮಣಿಪಾಲ ನೈಟ್ ಶಿಫ್ಟ್
ಡಾಕ್ಟರ್ ಸರ್ಟಿಫಿಕೇಟ್ ಕಡ್ಡಾಯವಾ? ವಾರ್ಡಿನಲ್ಲಿ ಮಕ್ಕಳು ಬಂದು ಕೇಳುತ್ತಾರೆ, ಅಪ್ಪನಿಗೆ ಬುದ್ಧಿ ಸರಿ ಇದೆ ಅಂತ ಬರೆದುಕೊಡಿ ಎಂದು. ಅಪ್ಪನ ಮೂಗಿನಲ್ಲಿ ನಳಿಗೆ ಇರುತ್ತದೆ.

ಕೊಡಿಯಾಲಬೈಲು ಕರಿಕೋಟು
ಕಡ್ಡಾಯ ಅಲ್ಲ. ವಯಸ್ಸಾದವರಾದರೆ ಇದ್ದರೆ ಒಳ್ಳೆಯದು. ಆದರೆ ನಳಿಗೆ ಹಾಕಿದ ಮೇಲೆ ಬರೆಸಿದ ಉಯಿಲಿಗೆ ಸರ್ಟಿಫಿಕೇಟ್ ಇದ್ದರೂ ಕಷ್ಟವೇ. ಕಾಯ್ದೆಯ ಶಬ್ದ "ಸ್ವಸ್ಥಚಿತ್ತ". ತನ್ನದು ಏನೇನು ಉಂಟು, ತನ್ನವರು ಯಾರು, ತಾನು ಯಾರಿಗೆ ಏನು ಕೊಡುತ್ತಿದ್ದೇನೆ ಅಂತ ಗೊತ್ತಿರಬೇಕು.

ಕದ್ರಿ ಗುಡ್ಡೆ
ದೊಡ್ಡಮ್ಮನಿಗೆ ಕೊನೆಯ ವಾರದ ತನಕ ಹಾಲಿನ ಲೆಕ್ಕ ಬಾಯಿಪಾಠ. ಆ ಚಿಂತೆ ಇಲ್ಲ.

ಈಗ ನಾಮಿನಿ ವಿಷಯ ಹೇಳಿ. ಪಾಸ್‌ಬುಕ್ಕು ಸಿಂಡಿಕೇಟ್ ಬ್ಯಾಂಕಿನದ್ದು, ಅಷ್ಟು ಹಳೆಯದು.

ಮುಂಬೈ ತುಳುವ
ಸಿಂಡಿಕೇಟ್ ಅಂದ ಕೂಡಲೇ ಊರು ನೆನಪಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಪಿಗ್ಮಿ ಶುರು ಮಾಡಿದ್ದೂ ಅವರೇ, 1928ರಲ್ಲಿ. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿತು. ಅಕ್ಕ, ನೀವು ಕೆನರಾದ ಆ ಶಾಖೆಗೆ ಹೋಗಿ, ಹಳೆಯ ಖಾತೆ ನಂಬರು ತೋರಿಸಿದರೆ ಸಾಕು.

ನಾಮಿನಿ ಅಂದರೆ ವಾರಸುದಾರ ಅಲ್ಲ ಮಾರಾಯ್ರೆ. ಮದುವೆ ಮನೆಯಲ್ಲಿ ಉಡುಗೊರೆ ಕವರು ಹಿಡಿದುಕೊಳ್ಳಲಿಕ್ಕೆ ಒಬ್ಬ ಹುಡುಗನನ್ನು ಕೂರಿಸುತ್ತಾರಲ್ಲ, ಹಾಗೆ. ಕವರು ಅವನ ಕೈಗೆ ಬರುತ್ತದೆ, ದುಡ್ಡು ಅವನದ್ದಲ್ಲ. ಬ್ಯಾಂಕು ನಾಮಿನಿಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಅವನು ಅದನ್ನು ಉಯಿಲಿನ ಪ್ರಕಾರ, ಉಯಿಲು ಇಲ್ಲದಿದ್ದರೆ ಕಾನೂನಿನ ಪ್ರಕಾರ, ಹಕ್ಕುದಾರರಿಗೆ ಒಪ್ಪಿಸಬೇಕು. ಎಲ್‌ಐಸಿ ಪಾಲಿಸಿ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲೇ ಹೀಗೆ ಹೇಳಿತು, ಶೇರುಗಳ ಬಗ್ಗೆ 2023ರಲ್ಲಿ.

ಕೊಡಿಯಾಲಬೈಲು ಕರಿಕೋಟು
ಒಂದು ತಿದ್ದುಪಡಿ. ಜೀವ ವಿಮೆಯಲ್ಲಿ 2015ರಿಂದ ಲೆಕ್ಕ ಬದಲಾಗಿದೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಇವರನ್ನು ನಾಮಿನಿ ಮಾಡಿದರೆ ಆ ಹಣ ಅವರಿಗೇ. ತಮ್ಮನ ಮಗ ಆ ಪಟ್ಟಿಯಲ್ಲಿ ಇಲ್ಲ. ಅಕ್ಕನದ್ದು ಹೇಗೂ ಎಫ್‌ಡಿ.

ಆದರೆ ಎಫ್‌ಡಿ ಯಾರಿಗೆ ಅಂತ ಉಯಿಲಿನಲ್ಲಿ ಬರೆದಿದ್ದಾರಾ?

ಕದ್ರಿ ಗುಡ್ಡೆ
ಈಗ ನೋಡಿದೆ. ಎಫ್‌ಡಿ ಹೆಸರೇ ಇಲ್ಲ! "ಉಳಿದದ್ದೆಲ್ಲ ಇಂಥವರಿಗೆ" ಅಂತಲೂ ಇಲ್ಲ. ಚಿನ್ನಕ್ಕೆ ಮಾತ್ರ ಹಾಗೆ ಬರೆದಿದ್ದಾರೆ.

ಕೊಡಿಯಾಲಬೈಲು ಕರಿಕೋಟು
ಹಾಗಾದರೆ ಎಫ್‌ಡಿ ಮಟ್ಟಿಗೆ ಉಯಿಲು ಇಲ್ಲ ಅಂತಲೇ ಲೆಕ್ಕ. "ಉಯಿಲಿಲ್ಲದ ಉತ್ತರಾಧಿಕಾರ" ಅಂದರೆ ಅದು. ಒಂದೇ ಮನುಷ್ಯ ಅರ್ಧ ಆಸ್ತಿಗೆ ಉಯಿಲು ಬರೆದು, ಅರ್ಧಕ್ಕೆ ಬರೆಯದೆ ಹೋಗಬಹುದು. ಈಗ ಅದು ಯಾರಿಗೆ ಹೋಗುತ್ತದೆ ಅನ್ನುವುದು ನಮ್ಮ ಕರಾವಳಿಯ ವಿಶೇಷ. ದಸ್ತಾವೇಜು ಮಾವ ಹೇಳಲಿ, ಅವರಿಗೆ ಇಷ್ಟದ ವಿಷಯ.

ಹಳೇ ದಸ್ತಾವೇಜು
ಹೇಳುತ್ತೇನೆ, ಚಹಾ ಇಟ್ಟು ಬಂದೆ.

ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ಅಳಿಯಸಂತಾನಕ್ಕೆ ಇದ್ದ ಕಾಯ್ದೆಯೂ ಮದ್ರಾಸಿನದ್ದೇ, 1949ರದ್ದು. ಹಳೆಯ ಪಾಲುಪಟ್ಟಿ ತೆಗೆದರೆ "ಕವರು" ಅನ್ನುವ ಶಬ್ದ ಕಾಣುತ್ತದೆ. ಕಾಗದ ಹಾಕುವ ಕವರು ಅಲ್ಲ ಅದು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣು ಸಂತಾನದ ಕಡೆಯಿಂದ ಬಂದವರೆಲ್ಲ ಸೇರಿ ಅವಳ ಕವರು. ಗಂಡಸಿನ ಕವರು ಯಾವುದು ಅಂದರೆ ಅವನ ತಾಯಿಯದ್ದು. 50 ವರ್ಷ ತುಂಬದ ಒಬ್ಬಳಾದರೂ ಹೆಂಗಸು ಇರುವ ಕವರು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ, ಪಾಲಿನಲ್ಲಿ ನಿಸ್ಸಂತತಿ ಕವರಿಗೆ ಸಿಕ್ಕಿದ್ದು ಜೀವಮಾನದ ಅನುಭೋಗ ಮಾತ್ರ. "ನಿಸ್ಸಂತತಿ" ಅನ್ನುವ ಶಬ್ದ ನೋಡಿ ಎಷ್ಟು ಮಂದಿ ಮಕ್ಕಳಿಲ್ಲದ ಹೆಂಗಸರು ನನ್ನ ಮೇಜಿನ ಎದುರು ಕಣ್ಣೀರು ಹಾಕಿದ್ದಾರೆ. ಕಾನೂನಿನ ಶಬ್ದಕ್ಕೂ ಕರುಣೆ ಬೇಡವಾ ಅನ್ನಿಸುತ್ತಿತ್ತು.

1956ರ ಜೂನ್ 17ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಂದಿನಿಂದ ಅಳಿಯಸಂತಾನದವರು ಸತ್ತರೆ, ಕುಟುಂಬದಲ್ಲಿ ಅವರಿಗಿದ್ದ ಪಾಲಾಗದ ಹಕ್ಕೂ ಈ ಹೊಸ ಕಾಯ್ದೆಯ ಪ್ರಕಾರವೇ ಇಳಿಯುತ್ತದೆ. ಅದು ಕಲಂ 7. ಅದನ್ನು ಉಯಿಲಿನಲ್ಲಿ ಬರೆಯಲೂಬಹುದು, ಅದು ಕಲಂ 30. ಹಾಗಾಗಿ ನಿಮ್ಮ ದೊಡ್ಡಮ್ಮ "ಕುಟುಂಬದ ಗದ್ದೆಯಲ್ಲಿ ನನಗೆ ಬರತಕ್ಕ ಹಕ್ಕು" ಅಂತ ಬರೆದದ್ದು ನಡೆಯುತ್ತದೆ. ಗದ್ದೆ ಪೂರ್ತಿ ಅಲ್ಲ, ಅವರ ಪಾಲು. ಇಷ್ಟು ಜಾಗ ಅಂತ ಗೊತ್ತಾಗಬೇಕಾದರೆ ಪಾಲು ಆಗಬೇಕು.

ಈಗ ಎಫ್‌ಡಿ. ಸಾಮಾನ್ಯವಾಗಿ ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ಹೋದರೆ ಅವಳ ಸ್ವಂತ ಸಂಪಾದನೆ ಯಾರಿಗೆ ಗೊತ್ತುಂಟಾ? ಗಂಡನ ವಾರಸುದಾರರಿಗೆ. ಕಲಂ 15. ಜೀವಮಾನ ಪೂರ್ತಿ ಪಾಠ ಮಾಡಿ ಕೂಡಿಟ್ಟದ್ದು ಗಂಡನ ತಮ್ಮನ ಮಕ್ಕಳಿಗೆ. ಆದರೆ ಅಳಿಯಸಂತಾನದವರಿಗೆ ಕಲಂ 17 ಬೇರೆ ಸಾಲು ಹಾಕಿಕೊಟ್ಟಿದೆ. ಮೊದಲು ಮಕ್ಕಳು ಮತ್ತು ತಾಯಿ. ಆಮೇಲೆ ತಂದೆ ಮತ್ತು ಗಂಡ. ಆಮೇಲೆ ತಾಯಿಯ ವಾರಸುದಾರರು, ಆಮೇಲೆ ತಂದೆಯ ವಾರಸುದಾರರು. ಗಂಡನ ಕಡೆಯವರು ಎಲ್ಲರಿಗಿಂತ ಕೊನೆಗೆ. ನಿಮ್ಮ ಅಜ್ಜಿಯ ಮಕ್ಕಳಲ್ಲಿ ಈಗ ಬದುಕಿರುವವರು ಯಾರು?

ಕದ್ರಿ ಗುಡ್ಡೆ
ಅಮ್ಮ ಮತ್ತು ಮಾವ. ಇಬ್ಬರೇ. ಮೊದಲಿನಿಂದಲೂ ಮೂವರೇ.

ಹಳೇ ದಸ್ತಾವೇಜು
ಹಾಗಾದರೆ ಎಫ್‌ಡಿ ಇಬ್ಬರಿಗೂ ಸರಿಪಾಲು. ಮಾವನ ಮಗ ತೆಗೆದುಕೊಂಡು ಅರ್ಧ ಅಮ್ಮನಿಗೆ, ಅರ್ಧ ತನ್ನ ಅಪ್ಪನಿಗೆ ಕೊಡಬೇಕು. ನಿಮಗೆ ಅದರಲ್ಲಿ ಏನೂ ಇಲ್ಲ, ಬೇಜಾರಾಗಬೇಡಿ.

ಕದ್ರಿ ಗುಡ್ಡೆ
ಬೇಜಾರಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನ ಆಯಿತು. ಮಾವನಿಗೂ ಏನೋ ಒಂದು ಸಿಕ್ಕಿತಲ್ಲ.

ಉಳ್ಳಾಲ ಕಡಲು
ಮಧ್ಯದಲ್ಲಿ ಬಾಯಿ ಹಾಕುತ್ತೇನೆ. ಇದನ್ನು ಓದುವ ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಯವರು ಇದೇ ಲೆಕ್ಕ ಹಿಡಿಯಬೇಡಿ. ನಮ್ಮಲ್ಲಿ ವಸಿಯತ್, ಅಂದರೆ ಉಯಿಲು, ಬರೆಯಲು ಮಿತಿ ಇದೆ. ದಫನಿನ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ. ಅದೂ ವಾರಸುದಾರರಲ್ಲಿ ಒಬ್ಬರಿಗೆ ಬರೆದರೆ ಬಾಕಿಯವರು ಒಪ್ಪಬೇಕು. ಸಾಕ್ಷಿ, ಕಾಗದದ ಕಟ್ಟುಪಾಡು ನಮಗೆ ಇಲ್ಲ, ಬಾಯಿಮಾತಿನ ವಸಿಯತ್ತೂ ನಡೆಯುತ್ತದೆ, ಸಾಬೀತು ಮಾಡುವುದು ಮಾತ್ರ ಹರಸಾಹಸ. ಬದುಕಿರುವಾಗಲೇ ಕೊಡುವುದಾದರೆ ಹಿಬಾ. ಅದಕ್ಕೆ ಮೂರನೇ ಒಂದು ಭಾಗದ ಮಿತಿ ಇಲ್ಲ, ಆದರೆ ಕೊಟ್ಟ ವಸ್ತುವನ್ನು ಆಗಲೇ ವಶಕ್ಕೆ ಒಪ್ಪಿಸಬೇಕು.

ಬೆಜೈ ಬಾಯಿ
ನಮ್ಮವರಿಗೂ ಒಂದು ಮಾತು. ಕ್ರೈಸ್ತರಲ್ಲಿ ಮದುವೆಗೆ ಮೊದಲು ಬರೆದ ಉಯಿಲು ಮದುವೆ ಆದ ದಿನವೇ ರದ್ದು, 1925ರ ಕಾಯ್ದೆಯ ಕಲಂ 69. ದುಬೈಗೆ ಹೋಗುವ ಮೊದಲು ಬರೆದಿಟ್ಟು, ಬಂದು ಮದುವೆಯಾಗಿ, ಮತ್ತೆ ಅದನ್ನು ಮುಟ್ಟದವರು ಎಷ್ಟು ಜನ ಬೇಕು? ಉಯಿಲೇ ಇಲ್ಲದಿದ್ದರೆ ಹೆಂಡತಿಗೆ ಮೂರನೇ ಒಂದು, ಉಳಿದ ಎರಡು ಭಾಗ ಮಕ್ಕಳಿಗೆ, ಹೆಣ್ಣು ಗಂಡು ಅಂತ ವ್ಯತ್ಯಾಸ ಇಲ್ಲ.

ಮುಂಬೈ ತುಳುವ
ಪ್ರೊಬೇಟ್ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನ ಅಪ್ಪನ ಫ್ಲ್ಯಾಟಿಗೆ ಸೊಸೈಟಿಯವರು ಪ್ರೊಬೇಟ್ ತನ್ನಿ ಎಂದು ಕೂತಿದ್ದರು.

ಕೊಡಿಯಾಲಬೈಲು ಕರಿಕೋಟು
ಪ್ರೊಬೇಟ್ ಅಂದರೆ "ಈ ಉಯಿಲು ನಿಜ, ಈ ಎಕ್ಸಿಕ್ಯೂಟರಿಗೆ ಅಧಿಕಾರ ಇದೆ" ಅಂತ ಕೋರ್ಟು ಕೊಡುವ ಮುದ್ರೆ. ಎಕ್ಸಿಕ್ಯೂಟರ್ ಅಂದರೆ ಉಯಿಲಿನಲ್ಲಿ ಬರೆದದ್ದನ್ನು ನಡೆಸಿಕೊಡುವವರು. ಆ ಹೆಸರೇ ಉಯಿಲಿನಲ್ಲಿ ಇಲ್ಲದಿದ್ದರೆ ಪ್ರೊಬೇಟ್ ಬದಲು "ಆಡಳಿತ ಪತ್ರ" ಕೊಡುತ್ತಾರೆ. ಮುಂಬೈ, ಕಲ್ಕತ್ತಾ, ಮದ್ರಾಸ್ ಪಟ್ಟಣಗಳಲ್ಲಿ ಹಿಂದೂಗಳ ಉಯಿಲಿಗೆ ತುಂಬಾ ಕಾಲ ಇದು ಕಡ್ಡಾಯ ಇತ್ತು. ಆ ಕಲಮನ್ನು, ಅಂದರೆ 1925ರ ಕಾಯ್ದೆಯ 213 ಅನ್ನು, 2025ರಲ್ಲಿ ಸಂಸತ್ತು ತೆಗೆದುಹಾಕಿದೆ. ನಮ್ಮ ಜಿಲ್ಲೆಗೆ ಅದು ಮೊದಲೂ ಇರಲಿಲ್ಲ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದೆವು, ಮದ್ರಾಸ್ ಪಟ್ಟಣಕ್ಕೆ ಅಲ್ಲವಲ್ಲ. ಕ್ರೈಸ್ತರಿಗೆ 2002ರಲ್ಲೇ ವಿನಾಯಿತಿ ಸಿಕ್ಕಿತ್ತು.

ಇದರ ಜೊತೆ "ಉತ್ತರಾಧಿಕಾರ ಪ್ರಮಾಣಪತ್ರ" ಅನ್ನು ಕಲಸಬೇಡಿ. ಅದು ಸಾಲ, ಠೇವಣಿ, ಶೇರಿನಂಥ ಹಣ ವಸೂಲು ಮಾಡಲು ಕೋರ್ಟು ಕೊಡುವುದು, ಜಾಗಕ್ಕೆ ಅಲ್ಲ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಮತ್ತೂ ಬೇರೆ. ಅದು ಯಾರು ಯಾರ ಮಗ ಅಂತ ಹೇಳುತ್ತದೆ, ಯಾರಿಗೆ ಎಷ್ಟು ಅಂತ ಹೇಳುವುದಿಲ್ಲ.

ಪಡುಬಿದ್ರಿ ಬಸ್ಸು
ಪಹಣಿಯಲ್ಲಿ ಮಾವನ ಹೆಸರು ಮೊದಲು ಬಂದುಬಿಟ್ಟರೆ? ಪೌತಿ ಖಾತೆ ಮಾಡಿಸಿಕೊಂಡರೆ ಆಟ ಮುಗಿಯಿತಲ್ಲ?

ಹಳೇ ದಸ್ತಾವೇಜು
ಮುಗಿಯುವುದಿಲ್ಲ. ಪೌತಿ ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕುವುದು. ಖಾತೆ, ಪಹಣಿ, ಮ್ಯುಟೇಷನ್ ಇವೆಲ್ಲ ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕದ ಪುಸ್ತಕ. ಹಕ್ಕು ಅದರಿಂದ ಹುಟ್ಟುವುದಿಲ್ಲ. ಆದರೆ ಬಸ್ಸಿನವರ ಹೆದರಿಕೆಯಲ್ಲಿ ಅರ್ಥ ಉಂಟು. ಒಮ್ಮೆ ಹೆಸರು ಕೂತರೆ ಎಬ್ಬಿಸುವುದು ಕಷ್ಟ. ಹಾಗಾಗಿ ಮರಣ ಪ್ರಮಾಣಪತ್ರ, ಉಯಿಲಿನ ಪ್ರತಿ ಇಟ್ಟು ನೀವು ಮ್ಯುಟೇಷನ್ನಿಗೆ ಅರ್ಜಿ ಹಾಕಿ. ಮಾವ ತಕರಾರು ಹಾಕಿದರೆ ಹಾಕಲಿ. ಉಯಿಲು ನಿಜವಾ ಸುಳ್ಳಾ ಅಂತ ತೀರ್ಮಾನ ಮಾಡುವುದು ತಹಶೀಲ್ದಾರರಲ್ಲ, ಸಿವಿಲ್ ಕೋರ್ಟು.

ಕುಮ್ಕಿ ಬಗ್ಗೆ ಒಂದು ಮಾತು. ಅದು ಸರ್ಕಾರದ ಜಾಗ. ವರ್ಗ (ಸ್ವಂತ ಹಿಡುವಳಿ) ಜಾಗದ ಗಡಿಯಿಂದ 100 ಗಜದ ಒಳಗೆ ಸೊಪ್ಪು, ಸೌದೆ, ಹುಲ್ಲಿಗೆ ಕೊಟ್ಟ ಸವಲತ್ತು. ದೊಡ್ಡಮ್ಮ ಬರೆದರೂ ಕುಮ್ಕಿಯ ಒಡೆತನ ನಿಮಗೆ ಬರುವುದಿಲ್ಲ. ತನ್ನದಲ್ಲದ್ದನ್ನು ಉಯಿಲಿನಲ್ಲಿ ಕೊಡಲು ಆಗುವುದಿಲ್ಲ. ನಮ್ಮ ಕಡೆಯ ಅರ್ಧ ಉಯಿಲುಗಳಲ್ಲಿ ಈ ತಪ್ಪು ಉಂಟು, ಕೆಲವು ನಾನೇ ಬರೆದದ್ದು. ಬರೆಸುವವರು ಹಠ ಹಿಡಿದರೆ ಏನು ಮಾಡುವುದು?

ಕದ್ರಿ ಗುಡ್ಡೆ
ಇನ್ನೊಂದು ಇದೆ. ಮೊದಲೇ ಹೇಳಬೇಕಿತ್ತು, ಸಣ್ಣದು ಅಂತ ಬಿಟ್ಟಿದ್ದೆ. "ಬಳೆ ಎರಡು" ಅಂತ ನೀಲಿ ಶಾಯಿಯಲ್ಲಿ ಬರೆದದ್ದನ್ನು ಕೆಂಪು ಪೆನ್ನಿನಲ್ಲಿ ಒಂದು ಗೆರೆ ಹೊಡೆದು, ಮೇಲೆ "ನಾಲ್ಕು" ಅಂತ ಮಾಡಿದ್ದಾರೆ. ಪಕ್ಕದ ಮಾರ್ಜಿನಿನಲ್ಲಿ ಸಹಿ ಏನೂ ಇಲ್ಲ. ಉತ್ತರ ಪತ್ರಿಕೆ ತಿದ್ದುವ ಹಾಗೆಯೇ ತಿದ್ದಿದ್ದಾರೆ. ಅದನ್ನು ನೋಡಿ ಅಮ್ಮ ಅತ್ತರು. ಗಂಡ ಹೇಳುತ್ತಾರೆ, ಅವರು ಸಹಿ ಹಾಕಿದ ದಿನ ಕೆಂಪು ಇರಲಿಲ್ಲ ಅಂತ.

ಕೊಡಿಯಾಲಬೈಲು ಕರಿಕೋಟು
ಹಾಗಿದ್ದರೆ ಕಾನೂನಿನ ಲೆಕ್ಕದಲ್ಲಿ ಎರಡೇ ಬಳೆ. ಉಯಿಲು ಆದ ಮೇಲೆ ಮಾಡಿದ ತಿದ್ದುಪಡಿಗೆ ಉಯಿಲಿನಷ್ಟೇ ಕಟ್ಟುಪಾಡು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಆ ಜಾಗದಲ್ಲೇ ಬೇಕು. 1925ರ ಕಾಯ್ದೆಯ ಕಲಂ 71, ಇದು ಹಿಂದೂಗಳಿಗೂ ಉಂಟು. ಹಳೆಯ ಶಬ್ದ ಓದಲಿಕ್ಕೆ ಆಗುತ್ತಿದ್ದರೆ ಹಳೆಯದೇ ನಿಲ್ಲುತ್ತದೆ. ಓದಲಾಗದಷ್ಟು ಗೀಚಿದ್ದರೆ ಆ ಭಾಗ ಹೋಯಿತು. ಸರಿಯಾದ ದಾರಿ "ಕೋಡಿಸಿಲ್", ಅಂದರೆ ಉಯಿಲಿಗೆ ಸೇರಿಸಿದ ಪುರವಣಿ ಕಾಗದ. ಅದಕ್ಕೂ ಇಬ್ಬರು ಸಾಕ್ಷಿ.

ಮಾವನ ಕೋಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. "ಜೀವಮಾನ ಪರ್ಯಂತ ವಾಸ" ಅಂದರೆ ಅವರು ಇರಬಹುದು, ಮಾರುವ ಹಾಗಿಲ್ಲ, ಅಡವು ಇಡುವ ಹಾಗಿಲ್ಲ, ಮಗನಿಗೆ ಬಿಟ್ಟುಹೋಗುವ ಹಾಗಿಲ್ಲ. ಅವರ ನಂತರ ಆ ಹಕ್ಕು ಮುಗಿಯುತ್ತದೆ. ನೀವೂ ಅವರನ್ನು ಎಬ್ಬಿಸುವ ಹಾಗಿಲ್ಲ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ? ಉಯಿಲು ಬಿದ್ದುಹೋದರೆ ಮನೆಯೂ ಅರ್ಧ ಅವರಿಗೆ, ನಿಜ. ಆದರೆ ಅದಕ್ಕೆ ಎಷ್ಟು ವರ್ಷ ಕೋರ್ಟಿಗೆ ಅಲೆಯಬೇಕೋ. ಅವರ ವಯಸ್ಸು ಎಷ್ಟು?

ಕದ್ರಿ ಗುಡ್ಡೆ
71. ಈಗಲೂ ಅದೇ ಕೋಣೆಯಲ್ಲಿದ್ದಾರೆ.

ಮಣಿಪಾಲ ನೈಟ್ ಶಿಫ್ಟ್
ಸುಮ್ನೆ ಕೇಳುತ್ತೇನೆ. ಇಷ್ಟೆಲ್ಲ ರಗಳೆಗಿಂತ ಬದುಕಿರುವಾಗಲೇ ದಾನಪತ್ರ ಮಾಡಿಬಿಟ್ಟರೆ?

ಹಳೇ ದಸ್ತಾವೇಜು
ದಾನಪತ್ರ ಅಂದರೆ ಅವತ್ತಿನಿಂದಲೇ ಜಾಗ ಕೈಬಿಟ್ಟಿತು. ಮರುದಿನ ಮನಸ್ಸು ಬದಲಾದರೆ ವಾಪಸಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಕಲಂ 23 ಉಂಟು, ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಪಡೆದು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಬರಹದಲ್ಲೇ ಇರಲಿ ಅಂತ ನಾನು ಹೇಳುತ್ತಿದ್ದೆ. "ನಮ್ಮ ಮಗ ಹಾಗಲ್ಲ" ಎನ್ನುತ್ತಿದ್ದರು. ಇರಲಿ.

ಕದ್ರಿ ಗುಡ್ಡೆ
ಹದಿನೆಂಟು ದಿನ ಬಿಟ್ಟು ಬರೆಯುತ್ತಿದ್ದೇನೆ.

ಪಿಗ್ಮಿಯವರು ಸಿಕ್ಕಿದರು! ಕುಂದಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹುಡುಕಿಕೊಟ್ಟದ್ದು ದೊಡ್ಡಮ್ಮನ ಹಾಲಿನವರು. ಅಮ್ಮ, ನಾನು, ಗಂಡ ಹೋದೆವು. ಹೋಗುವ ಮೊದಲು ಅಮ್ಮ ಒಂದು ಕೆಲಸ ಮಾಡಿದರು. ಮಾವನಿಗೆ ಫೋನು ಮಾಡಿ "ನೀನೂ ಬಾ, ನಿನ್ನ ಕಿವಿಯಿಂದಲೇ ಕೇಳು" ಎಂದರು. ಎರಡು ತಿಂಗಳ ನಂತರದ ಮೊದಲ ಮಾತು ಅದು. ಮಾವ ಬಂದರು.

ಪಿಗ್ಮಿಯವರಿಗೆ ಎಲ್ಲ ನೆನಪಿದೆ. "ಟೀಚರ್ ನನ್ನನ್ನು ಕೂರಿಸಿ, ಎದುರಿನಲ್ಲೇ ನಾಲ್ಕೂ ಹಾಳೆಗೆ ಸಹಿ ಹಾಕಿದರು. ನನ್ನ ಸಹಿಯಲ್ಲಿ ಒತ್ತಕ್ಷರ ತಪ್ಪಿದೆ ಅಂತ ಮತ್ತೊಮ್ಮೆ ಹಾಕಿಸಿದರು" ಎಂದರು. ನೋಡಿದರೆ ಹೌದು, ಅವರ ಹೆಸರು ಎರಡು ಸಲ ಉಂಟು. ನಾವು ಅದನ್ನು ಗಮನಿಸಿಯೇ ಇರಲಿಲ್ಲ.

ಮಾವ ಜಾಸ್ತಿ ಮಾತಾಡಲಿಲ್ಲ. ಕನ್ನಡಕ ಹಾಕಿ ಆ ನಾಲ್ಕು ಹಾಳೆ ಮೊದಲ ಸಲ ಪೂರ್ತಿ ಓದಿದರು. ಅಲ್ಲಿಯ ತನಕ ಓದಿಯೇ ಇರಲಿಲ್ಲವಂತೆ! ಕೋಣೆಯ ಸಾಲಿಗೆ ಬಂದಾಗ ನಿಂತರು. "ಜೀವಮಾನ ಪರ್ಯಂತ ಅಂದರೆ ನಾನು ಸಾಯುವ ತನಕವಾ, ಅವಳು ಸಾಯುವ ತನಕವಾ?" ಎಂದು ಕೇಳಿದರು. ನಿಮ್ಮ ಜೀವಮಾನ ಮಾವ, ಎಂದೆ. ಅವರು ಹೆದರಿದ್ದು ಅಷ್ಟಕ್ಕೇ ಅಂತ ನನಗೆ ಆಗ ಗೊತ್ತಾಯಿತು. ದೊಡ್ಡಮ್ಮ ಹೋದ ಕೂಡಲೇ ಕೋಣೆ ಬಿಡಬೇಕು ಅಂತ ಯಾರೋ ಹೇಳಿದ್ದರಂತೆ.

ಎಫ್‌ಡಿ ಸರಿಪಾಲು ಅಂದದ್ದಕ್ಕೆ ಅವರ ಮಗ ಒಪ್ಪಿದ್ದಾನೆ. ಬಳೆ ನಾಲ್ಕೂ ಮೊಮ್ಮಗಳಿಗೇ ಕೊಡುವುದು ಅಂತ ಅಮ್ಮ ಹೇಳಿಯಾಯಿತು, ಎರಡು ಉಯಿಲಿನ ಲೆಕ್ಕ, ಎರಡು ತನ್ನ ಲೆಕ್ಕ. ಮಾವ ಆ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ನಾಲ್ಕನೇ ಕ್ಲಾಸಿನಲ್ಲಿ ನನ್ನ ಲೆಕ್ಕಕ್ಕೂ ಹೀಗೇ ಗೆರೆ ಹೊಡೆದವಳು" ಎಂದರು. "ತಕರಾರು ಹಾಕುವುದಿಲ್ಲ" ಅಂತಲೂ ಅಂದರು.

ಕೊಡಿಯಾಲಬೈಲು ಕರಿಕೋಟು
ಬಹಳ ಸಂತೋಷ. ಆ ಕೊನೆಯ ಮಾತನ್ನು ಬರಹದಲ್ಲಿ ತೆಗೆದುಕೊಳ್ಳಿ. ನಾಳೆಯೇ.